ನಲವತ್ಮೂರನೇ ಮನಿ

ಕೆಲಸಕ್ಕ ಸೇರಿದ ದಿನ ಕೈಯಾಗ ಕೊಟ್ಟಿದ್ದು
ಒಂದು ಸೀಟಿ, ಒಂದು ಬಡಿಗಿ, ಗೆರೆ ಹೊಡೆದ ಬುಕ್ಕು.
'ಆಡು ಬಿಡಬ್ಯಾಡ ಒಳಗ' ಅಂದ್ರು ಸಾಹೇಬ್ರು.
ಹೋದ ವಾರದ ತನಕ ಆಡು ಕಾಯ್ತಿದ್ದವ ನಾನ.
ಹೂಂ ಅಂದೆ.

ಏರು ಹತ್ತಿದ್ರ ಬರೀ ಬಂಡೆಗಲ್ಲು,
ಸಂದಿಯಾಗ ಕವಳಿ ಕಂಟಿ, ಸೀತಾಫಲ,
ಕರಡಿ ಕೆದರಿ ಬಿಟ್ಟ ಹುತ್ತ.
ನೆತ್ತಿ ಮ್ಯಾಲೆ ಮೋರ್ಯರ ಮನಿಗಳು:
ಸುತ್ತ ಚಪ್ಪಡಿ ಗೋಡಿ, ಚಪ್ಪಡಿಯದೇ ಮಾಳಗಿ,
ಒಂದು ಗೋಡಿಗೆ ತಲಿ ತೂರುವಷ್ಟು ದುಂಡನ ಕಿಂಡಿ.
ಗೇಣುದ್ದದ ಮಂದಿ ಇದ್ರಂತ, ನಮ್ಮವ್ವ ಹೇಳಾಕಿ.
ಸತ್ತವರಿಗೆ ಕಟ್ಟಿದ್ದು ಅಂತೈತಿ ಬೋರ್ಡು.
ಬಂದವರಿಗೆ ಎರಡೂ ಹೇಳ್ತೀನಿ,
ಅವ್ವಂದು ಹೇಳಿದಾಗ ಜಾಸ್ತಿ ಫೋಟೋ ಹೊಡೀತಾರ.

ಮಟಮಟ ಮಧ್ಯಾಹ್ನ ಯಾರೂ ಇರಂಗಿಲ್ಲ.
ಒಂದು ಗೋಡಿ ಬಿದ್ದ ಮನಿಯಾಗ ನುಸುಳಿ ಕೂಡ್ತೀನಿ,
ನೆರಳು ಇರೋದು ಅಲ್ಲೇ. ಸಾಹೇಬ್ರಿಗೆ ಹೇಳಬ್ಯಾಡ್ರಿ.
ಆ ಕಿಂಡಿಯಾಗ ಎಷ್ಟು ಹಿಡಿತೈತಿ ಅಂತೀರಿ:
ಬೆಣಕಲ್ಲಿನ ನೀರಿನ ಟ್ಯಾಂಕು, ಕಾಲುವಿ ಗುಂಟ ಭತ್ತ,
ಗಂಗಾವತಿ ದಿಕ್ಕಿಗೆ ಮಿಲ್ಲಿನ ಹೊಗಿ,
ಈ ಅಂಚಿನಿಂದ ಆ ಅಂಚಿಗೆ ತೆವಳುವ ರೈಲು,
ಥೇಟ್ ಕಂಬಳಿಹುಳ.
ಅಕ್ಕನ್ನ ಕೊಟ್ಟ ಆಗೋಲಿ ಕಾಣಂಗಿಲ್ಲ,
ಅದಕ್ಕ ಎದ್ದು ಹೊರಗ ಬರಬೇಕು.

ಆಚೆ ನಗಾರಿ ಗುಂಡು. ಕಲ್ಲಿಲೆ ಬಡಿದ್ರ ಧಣ್.
ಮೊದಲೆಲ್ಲ ಆ ಸದ್ದಿಗೆ ಕೆಳಗ ನಾಯಿ ಬೊಗಳ್ತಿದ್ವು.

ನಿನ್ನೆ ದ್ಯಾವಮ್ಮ ಬಂದ್ಲು,
ತಲಿ ಮ್ಯಾಲೆ ಬುತ್ತಿ, ಹಿಂದ ಇಪ್ಪತ್ತೆರಡು ಆಡು.
ನಾನು ಸೀಟಿ ಊದಿದೆ.
'ಯಾರಿಗೆ ಊದ್ತಿ, ನನಗೋ, ಅವಕ್ಕೋ?'
ಗಂಟು ಬಿಚ್ಚಿದ್ಲು. ರೊಟ್ಟಿ, ಪುಂಡಿಪಲ್ಯ, ಉಳ್ಳಾಗಡ್ಡಿ.
ಉಂಡು ಎಣಿಸಿದ್ರ ಇಪ್ಪತ್ತೊಂದು.
ಗಬ್ಬದ ಕೆಂಚಿ ಇಲ್ಲ.

ಹನಿ ಬೀಳಾಕ ಹತ್ತಿದ್ವು. ಆಕಿ ಆ ಕಡೆ, ನಾ ಈ ಕಡೆ.
ನಲವತ್ಮೂರು ಅಂತ ಬಿಳಿ ಬಣ್ಣದಾಗ ಬರೆದ ಮನಿಯೊಳಗ
ಕೆಂಚಿ ನೆಕ್ಕಾಕತ್ತಿತ್ತು
ಹಸಿ ಹಸಿ ಎರಡು ಮರಿ.
ಒಂದು ಏಳಾಕ ನೋಡಿ ಮುಗ್ಗರಿಸಿ
ಆ ಹಳೇ ಗೋಡಿಗೆ ಮೈ ಆನಿಸಿ ನಿಂತಿತು.
ಸೀಟಿ ಬಾಯಾಗ ಇತ್ತು.

ಸಂಜಿಗೆ ಬುಕ್ಕು ತೆಗೆದೆ.
ಮನಿ ನಂಬರ ನಲವತ್ಮೂರು.
ಒಳಗ ಹೋದದ್ದು ಒಂದು.
ಹೊರಗ ಬಂದದ್ದು ಮೂರು.
ಷರಾ ಅನ್ನೋ ಕಡೆ ಏನು ಬರೆಯೋದು ತಿಳಿಲಿಲ್ಲ, ಬಿಟ್ಟೆ.

ಇಳಿಜಾರಿನಾಗ ಅರ್ಧಕ್ಕ ಹೋಗಿದ್ಲು ದ್ಯಾವಮ್ಮ,
ಉಡಿಯಾಗ ಮರಿ, ಕೆಳಗ ಒಂದೊಂದೇ ದೀಪ.
ಅಲ್ಲಿಂದಲೇ ಒದರಿದ್ಲು:
'ಬರುವಾಗ ಅಂಗಡಿ ಕಡಿಂದ ಬಾ,
ಬೆಲ್ಲ ತಾ, ಬಾಣಂತಿಗೆ!'