ಕಾಯಿನ್ ಎಂದರೆ ಮೂಲೆ

ಕಾರ್ನ್‌ವಾಲಿನ ಹೆಲ್‌ಸ್ಟನ್. ಇಳಿಜಾರು ಬೀದಿಯಲ್ಲಿ
ತವರದ ಗಟ್ಟಿಗಳು ಸಾಲಾಗಿ ಕೂತಿವೆ,
ಒಂದೊಂದೂ ಬಲಿತ ಕರುವಿನ ತೂಕ.
ಹೊರೆ ಇಳಿಸಿದ ಹೇಸರಗತ್ತೆಗಳು
ನೊಣವಿಲ್ಲದಿದ್ದರೂ ಬೆನ್ನು ಅದುರಿಸುತ್ತಿವೆ.

ಲವ್‌ಡೇ ಟ್ರೆವಾಸ್ಕಿಸ್ ಕಾಯುತ್ತಿರುವುದು ಇದು ಮೂರನೇ ದಿನ.
ಗಂಡ ಡಿಗರಿ ಗಣಿಯೊಳಗೆ,
ಟೊಪ್ಪಿಗೆಗೆ ಜೇಡಿಮಣ್ಣಲ್ಲಿ ಮೆತ್ತಿದ ಮೇಣದಬತ್ತಿ.
ಅವನ ಮೂರು ತಿಂಗಳು ಇಲ್ಲಿ, ಈ ಗಟ್ಟಿಯಲ್ಲಿ.
ಮುದ್ರೆ ಬೀಳದೆ ಮಾರುವಂತಿಲ್ಲ.
ವ್ಯಾಪಾರಿ ಬೊಸಾಂಕೊ ಕೊಟ್ಟ ಮುಂಗಡ
ಹಿಟ್ಟಾಗಿ, ರೊಟ್ಟಿಯಾಗಿ, ಕರಗಿ
ಬಡ್ಡಿಯೊಂದೇ ಉಳಿದಿದೆ, ಹಳಸದೆ.

ಕೊನೆಗೂ ಅವಳ ಸರದಿ.
ಉಳಿ ಇಟ್ಟ, ಸುತ್ತಿಗೆ ಎತ್ತಿದ.
ಗಟ್ಟಿಯ ಒಂದು ಮೂಲೆ ಕಳಚಿ ಬಿತ್ತು.
ಪರೀಕ್ಷಕ ಚೂರನ್ನು ಕಿವಿಯ ಬಳಿ ಹಿಡಿದು ಬಾಗಿಸಿದ:
ತವರ ಬಾಗಿದರೆ ಅಳುತ್ತದೆ, ಸಣ್ಣಗೆ, ಹಲ್ಲು ಕಡಿದಂತೆ.
ಚೆನ್ನಾಗಿ ಅತ್ತಿತು. ಶುದ್ಧ ಎಂದ.

‘ಅದಕ್ಕೇನಂತಾರೆ?’ ಕೇಳಿದಳು ಥಾಮಸೀನ್,
ಆರು ವರ್ಷ, ಅವ್ವನ ಲಂಗದ ಹಿಂದಿನಿಂದ.
ಗುಮಾಸ್ತನಿಗೆ ಓದಿದ್ದನ್ನು ಹೇಳುವ ಚಟ:
‘ಕಾಯಿನ್. ಹಾಗಂದರೆ ಮೂಲೆ, ಫ್ರೆಂಚರ ಬಾಯಲ್ಲಿ.
ಅವರಿಗೂ ಹಿಂದೆ, ಲ್ಯಾಟಿನ್ನಿನಲ್ಲಿ, ಬೆಣೆ.
ಬೆಣೆಯಂಥ ಅಚ್ಚು, ಅಚ್ಚೊತ್ತಿದ್ದು ನಾಣ್ಯ.
ಮೂಲೆ ಕಡಿದು ಮುದ್ರೆ ಒತ್ತುವ ಈ ಕೆಲಸವೂ
ಅದೇ ಪದದ ಮರಿ. ಮುಂದಿನವರು ಬನ್ನಿ.’

(ನನ್ನ ನುಡಿಯಲ್ಲೂ ಹೀಗೆಯೇ.
ಟಂಕ ಎಂದರೆ ನಾಣ್ಯ, ಟಂಕ ಎಂದರೆ ಉಳಿ.
ಎರಡು ಕಡಲಾಚೆಗೂ ಈಚೆಗೂ
ದುಡ್ಡಿನ ಬೇರು ಕೆದಕಿದರೆ
ಸಿಗುವುದು ಒಂದು ಏಟು.)

ಬೊಸಾಂಕೊ ಲೆಕ್ಕ ಮುರಿದುಕೊಂಡ ಮೇಲೆ
ಅವಳ ಅಂಗೈಯಲ್ಲಿ ಉಳಿದದ್ದು
ಮುಷ್ಟಿ ಕಟ್ಟಿದರೆ ಕಾಣದಷ್ಟು.
ಏಳು ಮೈಲಿ ನಡೆದರು, ಮಾತಿಲ್ಲ.

ರಾತ್ರಿ ಥಾಮಸೀನ್ ಬೆರಳು ಚಾಚಿ ಎಣಿಸಿದಳು:
ಅಜ್ಜ ಕೆಮ್ಮುವ ಹಾಸಿಗೆ, ಒಂದು ಕಾಯಿನ್.
ಅಪ್ಪನ ಒದ್ದೆ ಬೂಟು, ಎರಡು.
ಹಿಟ್ಟಿನ ಗಡಿಗೆ, ಬೋರಲು, ಮೂರು.
ನಾಲ್ಕನೆಯದು ತನ್ನದೇ, ರೊಟ್ಟಿ ಕದ್ದ ದಿನ
ಗೋಡೆಗೆ ಮುಖ ಮಾಡಿ ನಿಂತ ಜಾಗ.
‘ಅವ್ವಾ, ನಮ್ಮನೇಲಿ ನಾಲ್ಕು ಕಾಯಿನ್ ಇವೆ!’

ಲವ್‌ಡೇಗೆ ನಗು ಬಂತು,
ತಿಂಗಳಲ್ಲಿ ಮೊದಲ ಸಲ, ತಡೆಯಲಾಗದಂತೆ.
‘ಮೆಲ್ಲಗೆ ಹೇಳು ಕಣೇ’ ಅಂದಳು ಬತ್ತಿ ಊದುತ್ತ,
‘ಗುಮಾಸ್ತನಿಗೆ ಕೇಳಿಸಿದರೆ
ಇಲ್ಲಿಗೂ ತಂದಾನು ಉಳಿ.’