ಮೀಸೆ ಬಂದರೆ

ಜಿಲಾಂಗ್‌ನ ಸಂಜೆ ತರಗತಿ. ಕಿಟಕಿಯಾಚೆ
ಹಳೆಯ ಉಣ್ಣೆ ಗೋದಾಮಿನ ಗೋಡೆ.
ಬೋರ್ಡಿನ ಮೇಲೆ ನಾಲ್ಕೇ ಸಾಲು, ನಿಜ, ಸುಳ್ಳು;
ಕಂಪ್ಯೂಟರು ನಿಂತಿರುವುದು ಇದರ ಮೇಲೇ ಅಂತೆ.

‘ಮೊದಲರ್ಧ ಸುಳ್ಳಾದರೆ ಇಡೀ ವಾಕ್ಯ ನಿಜ’
ಅಂದಳು ಮಾರ್ಗೊ. ಟ್ರಕ್ಕು ಓಡಿಸುವ ತುವಾನ್
ಪೆನ್ನು ಕೆಳಗಿಟ್ಟ: ಇದು ಮೋಸ.

ನನಗೆ ನಗು.
ಚಿಕ್ಕಮ್ಮನಿಗೆ ಮೀಸೆ ಬಂದರೆ ಚಿಕ್ಕಪ್ಪ –
ಅಜ್ಜಿ ರೊಟ್ಟಿ ತಟ್ಟುತ್ತಲೇ ಹೇಳಿಕೊಟ್ಟ ಪಾಠಕ್ಕೆ
ಐವತ್ತರ ಹತ್ತಿರ ಫೀಸು ಕಟ್ಟಿದ್ದೇನೆ.

ಬಸ್ಸಿನಲ್ಲಿ ಲೆಕ್ಕ ಬಿಡಿಸುತ್ತ ಬಂದೆ.
ಅವನು ಬದುಕಿದ್ದರೆ ಈ ಹೊತ್ತಿಗೆ ದೀಪ ಹಾಕಿರುತ್ತಿದ್ದ.
ನಿಜ.
ಅವನು ಬದುಕಿದ್ದರೆ
ದೀಪ ಹಾಕದೆ, ಟಿವಿ ಮುಂದೆ, ಬಾಯಿ ತೆರೆದು ನಿದ್ದೆ.
ಅದೂ ನಿಜ.

ಬೀಗ ತೆಗೆದು, ಕೊಡೆ ಎಲ್ಲೋ ಒರಗಿಸಿ
ಕತ್ತಲಲ್ಲಿ ಸ್ವಿಚ್ಚು ತಡಕಿದೆ.
ಸೊನ್ನೆ. ಸೊನ್ನೆ.
ಒಂದು.