ಅಗಲಿಸುವ ಕೆಲಸ

ಅಮೀನಗಡದಾಚೆ, ಗುಡ್ಡದ ಬೆನ್ನಿಗೆ ತಗಡಿನ ಲ್ಯಾಬು.
ಎರಡು ಗಾಜಿನ ಸಿಲಿಂಡರು, ಎರಡರಲ್ಲೂ ಅದೇ ಅದಿರಿನ ರಾಡಿ,
ಮಸಾರಿ ಹೊಲದ ಮಳೆನೀರಿನ ಬಣ್ಣ.

ಮೊದಲನೆಯದಕ್ಕೆ ಏನೂ ಹಾಕಲಿಲ್ಲ.
ಕಬ್ಬಿಣದ ಕಣವನ್ನು ಜೇಡಿ ಅಪ್ಪಿಕೊಂಡು
ಗುಂಪಾಗಿ, ಉಂಡೆಯಾಗಿ,
ಸಂತೆ ಮುಗಿದ ಮೇಲಿನ ಟಂಟಂನಂತೆ
ಎಲ್ಲ ಒಟ್ಟಿಗೇ ತಳಕ್ಕೆ.

ಎರಡನೆಯದಕ್ಕೆ ಸಿಲಿಕೇಟಿನ ಆರು ಹನಿ.
ಯಾರೋ ಕಿವಿಯಲ್ಲಿ ಏನೋ ಹೇಳಿದಂತೆ
ಕಣಕ್ಕೆ ಕಣ ಸರಿದು ನಿಂತಿತು.
ಭಾರದ್ದು ಇಳಿಯಿತು, ಕರ್ರಗೆ.
ಜೇಡಿ ಮೇಲೇ ಉಳಿಯಿತು, ಎಷ್ಟೊತ್ತಾದರೂ, ಕೆಂಪಗೆ.

"ಏಳು ಹಾಕಬ್ಯಾಡ," ಅಂತಾನೆ ಗೈಬುಸಾಬ,
"ಹೆಚ್ಚಾದರ ಕಬ್ಬಿಣಾನೂ ತೇಲತೈತಿ."

ರವಿವಾರ ಇಳಕಲ್ಲಿಗೆ ಹೋದಾಗ
ಅವ್ವ ಮಗ್ಗದ ಮುಂದೆ,
ಒಡಲಿನ ಎಳೆಗೆ ಸೆರಗಿನ ಎಳೆ ಕೊಂಡಿ ಹಾಕುತ್ತಿದ್ದಳು.
ಪಕ್ಕದ ಮನೆಯ ಮುರಗೆವ್ವ ದಾರದ ತುದಿ ಹಿಡಿದಿದ್ದಳು.
"ಕೂಡಸೂದಕ್ಕ ಕೂಲಿ ಕೊಡ್ತಾರ, ಗೊತ್ತೈತಿ.
ಅಗಲಸೂದಕ್ಕೂ ಪಗಾರೇನ?"

ತಿಂಗಳಿಗೆ ಹದಿನಾಲ್ಕು ಸಾವಿರ, ಅಂದೆ.
ಮುರಗೆವ್ವ ನಕ್ಕಳು. ಅವ್ವ ನಗಲಿಲ್ಲ,
ಎಳೆ ಹಲ್ಲಿನ ನಡುವೆ ಇತ್ತು.

ನನ್ನ ಉಗುರಿನ ಸಂದಿಯಲ್ಲಿ ಜೇಡಿ.
ಸೀರೆಗೆ ತಾಕದಂತೆ
ಕೈ ಹಿಂದೆ ಕಟ್ಟಿಕೊಂಡು ನಿಂತೆ.